ಕಾಸರಗೋಡಲ್ಲಿ ಮಗಳಿಗೆ ಮಾಡಿಸಿದ ಸ್ಕೂಲ್ ರೆಡಿನೆಸ್ ಟೆಸ್ಟ್: ನಮ್ಮ ಅನುಭವ

ನಮ್ದು ಬದಿಯಡ್ಕ ಹತ್ರ. ಮನೆಯಲ್ಲಿ ಹವ್ಯಕ ಕನ್ನಡ, ಆಚೆಮನೆಯವರ ಹತ್ರ ತುಳು, ಬಸ್ಸು ಅಂಗಡಿಗೆಲ್ಲ ಮಲಯಾಳ. ಮಗಳಿಗೆ ಮುಂದಿನ ತಿಂಗಳು 5 ತುಂಬ್ತದೆ, ಜೂನಿಗೆ ಒಂದನೇ ಕ್ಲಾಸಿಗೆ ಹಾಕುದಾ ಇನ್ನೊಂದು ವರ್ಷ ಅಂಗನವಾಡಿಯಲ್ಲೇ ಇರ್ಲಾ ಅಂತ ಮನೆಯಲ್ಲಿ ಅದೇ ಮಾತು. ಕೇರಳದಲ್ಲಿ ಮೊದಲಿಂದ್ಲೂ 5ಕ್ಕೇ ಸೇರಿಸ್ತಾ ಬಂದದ್ದು, 2020ರ ರಾಷ್ಟ್ರೀಯ ಶಿಕ್ಷಣ ನೀತಿ 6 ಅಂತದೆ, ಮಂಗಳೂರಲ್ಲಿರುವ ನಾದಿನಿ "ಅವಸರ ಎಂತಕ್ಕೆ ಅತ್ತಿಗೆ" ಅಂದ್ಲು. ಹಾಗೆ ಪೇಟೆಯ ಒಂದು ಪ್ರೈವೇಟ್ ಸೆಂಟರಲ್ಲಿ, ಮಗು ಶಾಲೆಗೆ ತಯಾರಾಗಿದೆಯಾ ಅಂತ ನೋಡುವ ಈ ಟೆಸ್ಟ್ ಮಾಡಿಸಿದ್ವಿ, ಹೆಸರು ಬೇಡ.

ಮೊದಲ ಅರ್ಧ ಗಂಟೆ ತುಂಬಾ ಚೆನ್ನಾಗಿತ್ತು. ಥೆರಪಿಸ್ಟ್ ನೆಲದಲ್ಲೇ ಕೂತು ಒಂಟಿ ಕಾಲಲ್ಲಿ ಕುಪ್ಪಳಿಸೋದು, ಬಾಲ್ ಹಿಡಿಯೋದು, ಕತ್ತರಿಯಲ್ಲಿ ಗೆರೆ ಮೇಲೆ ಕತ್ತರಿಸೋದು, ಚೌಕ ನೋಡಿ ಬಿಡಿಸೋದು ಎಲ್ಲ ಆಟದ ಹಾಗೇ ಮಾಡಿಸಿದ್ರು, ಇವ್ಳಿಗೆ ಪರೀಕ್ಷೆ ಅಂತ ಗೊತ್ತೇ ಆಗ್ಲಿಲ್ಲ. ಪೆನ್ಸಿಲ್ ಹಿಡಿತ ಇನ್ನೂ ಗಟ್ಟಿ ಆಗ್ಬೇಕು, ಬರೆಸ್ಬೇಡಿ, ಚಪಾತಿ ಹಿಟ್ಟು ನಾದ್ಲಿ, ಹೆಸ್ರುಕಾಳು ಹೆಕ್ಲಿ ಅಂದ್ರು. ಈ ಒಂದು ಮಾತಿಗೇ ಕೊಟ್ಟ ದುಡ್ಡು ಸಾರ್ಥಕ.

ಆಮೇಲೆ ಭಾಷೆಯ ಭಾಗ, ಬೇರೆ ಮೇಡಂ, ಇಂಗ್ಲಿಷ್ ಬಿಟ್ರೆ ಸ್ವಲ್ಪ ಮಲಯಾಳ. ಬೆಕ್ಕಿನ ಕಾರ್ಡ್ ತೋರಿಸಿದ್ರು, ಮಗಳು "ಪುಚ್ಚೆ" ಅಂದ್ಲು, ಕೊಡೆಗೆ "ಕೊಡೆ", ಪೊರಕೆಗೆ "ಹಿಡಿಸೂಡಿ", ನಮ್ಮ ಕಡೆಯ ಮಾತಲ್ಲಿ ಮೂರೂ ಸರಿ, ಆದ್ರೆ ಮೂರಕ್ಕೂ ತಪ್ಪು ಹಾಕಿದ್ರು! ನಾನು ಬಾಗ್ಲ ಹತ್ರ ಕೂತು ಕೇಳ್ತಾ ಇದ್ದೆ, ಮಧ್ಯೆ ಮಾತಾಡ್ಬಾರ್ದು ಅಂತ ಮೊದಲೇ ಹೇಳಿದ್ರು. ಹಿಮದ ಗೊಂಬೆ ತೋರಿಸಿ ಇದೆಂತ ಅಂತ ಕೇಳಿದ್ರೆ ಬದಿಯಡ್ಕದ ಮಗು ಎಂತ ಹೇಳ್ತದೆ? ಕೊನೆಗೆ ರಿಪೋರ್ಟಲ್ಲಿ ಮಾತು ವಯಸ್ಸಿಗಿಂತ ಹಿಂದೆ, ಒಂದು ವರ್ಷ ಕಾಯಿರಿ ಅಂತ ಬಂತು. ಆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.

ಮರುದಿನ ಅಂಗನವಾಡಿ ಟೀಚರಿಗೆ ತೋರಿಸಿದೆ. "ಚಪ್ಪಲಿ ಹೊರಗೆ ಇಡು, ಕೈ ತೊಳಿ, ತಟ್ಟೆ ತಕೊಂಡು ಬಾ ಅಂದ್ರೆ ಮೂರನ್ನೂ ಮರೀದೆ ಮಾಡ್ತಾಳೆ, ಒಂದಕ್ಕೆ ಬಂದ್ರೆ ಬಾಯಿಬಿಟ್ಟು ಹೇಳ್ತಾಳೆ, ನೀವು ಹೋದ್ಮೇಲೆ ಅಳುದಿಲ್ಲ, ನಿನ್ನೆ ನಡೆದದ್ದನ್ನ ಮೊದಲಿಂದ ಕೊನೆವರೆಗೆ ಹೇಳ್ತಾಳೆ, ಒಂದನೇ ಕ್ಲಾಸಿಗೆ ಇನ್ನೆಂತ ಬೇಕು?" ಅಂದ್ರು. ಎರಡು ವರ್ಷ ದಿನಾ ನೋಡಿದವ್ರು, ಅವರ ಮಾತಿಗೆ ಬೆಲೆ ಕೊಡ್ಲೇಬೇಕು. ಆದ್ರೂ ಸಮಾಧಾನಕ್ಕೆ ಮಕ್ಕಳ ಡಾಕ್ಟ್ರ ಹತ್ರ ಹೋದ್ವಿ. ಅವರು ಮೊದಲು ಕಿವಿ ಚೆಕ್ ಮಾಡ್ಸಿದ್ರು, ಮಾತು ಕಮ್ಮಿ ಅಂತ ಯಾರಾದ್ರೂ ಹೇಳಿದ್ರೆ ಮೊದಲು ನೋಡ್ಬೇಕಾದ್ದು ಅದನ್ನಂತೆ. ಆಮೇಲೆ ತಿರುವನಂತಪುರದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರಿನ, ಮಗುವಿನ ಬೆಳವಣಿಗೆ ನೋಡುವ ಚಾರ್ಟ್ ಇಟ್ಕೊಂಡು, 6 ವರ್ಷದವರೆಗಿನ ಮಕ್ಕಳಿಗೆ ಆಗ್ತದಂತೆ ಅದು, ನನ್ನನ್ನೇ ನಮ್ಮ ಭಾಷೆಯಲ್ಲಿ ಕೇಳ್ಲಿಕ್ಕೆ ಹೇಳಿದ್ರು. ಎಲ್ಲ ಸರಿ ಇತ್ತು.

ಇನ್ನೊಂದು ವಿಷ್ಯ. ಒಂದು ಇಂಗ್ಲಿಷ್ ಮೀಡಿಯಂ ಶಾಲೆಯವ್ರು ಈ ರಿಪೋರ್ಟ್ ತಂದ್ರೆ ಮಾತ್ರ ಅಡ್ಮಿಷನ್ ಅಂದಿದ್ರು. 2009ರ ಶಿಕ್ಷಣ ಹಕ್ಕು ಅಂದ್ರೆ ಆರ್‌ಟಿಇ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅಡ್ಮಿಷನ್ನಿಗೆ ಮಗುವನ್ನಾಗ್ಲಿ ಅಪ್ಪ ಅಮ್ಮನನ್ನಾಗ್ಲಿ ಸ್ಕ್ರೀನಿಂಗ್ ಮಾಡೋ ಹಾಗೇ ಇಲ್ಲ, ಮೊದಲ ಸಲಕ್ಕೇ 25,000 ರೂಪಾಯಿವರೆಗೆ ದಂಡ. ಮಗುವಿಗೆ ಎಲ್ಲಿ ಸಹಾಯ ಬೇಕು ಅಂತ ತಿಳ್ಕೊಳ್ಳಿಕ್ಕೆ ಟೆಸ್ಟ್ ಮಾಡಿಸೋದು ಬೇರೆ, ಗೇಟಲ್ಲಿ ತಡೀಲಿಕ್ಕೆ ಮಾಡಿಸೋದು ಬೇರೆ.

ಕೈಕಾಲಿನ ಭಾಗಕ್ಕೆ ಐದಕ್ಕೆ ನಾಲ್ಕೂವರೆ, ಭಾಷೆಗೆ ಒಂದು. ನೀವು ಹೋಗೋದಾದ್ರೆ ಫೋನ್ ಮಾಡುವಾಗ್ಲೇ ಕೇಳಿ, ಕನ್ನಡ ತುಳು ಗೊತ್ತಿರುವವ್ರು ಇದ್ದಾರಾ, ಇಲ್ದಿದ್ರೆ ತಾಯಿ ಪಕ್ಕದಲ್ಲಿ ಕೂತು ಹೇಳ್ಬಹುದಾ ಅಂತ. ಎರಡಕ್ಕೂ ಇಲ್ಲ ಅಂದ್ರೆ ಭಾಷೆಯ ಭಾಗ ಬಿಟ್ಟು ಉಳಿದದ್ದು ಮಾತ್ರ ಮಾಡಿಸಿ. ನಾವು ಮಗಳನ್ನ ಊರಿನ ಕನ್ನಡ ಶಾಲೆಗೆ ಹಾಕ್ತಾ ಇದ್ದೇವೆ, ಜೂನಿಗೇ.