ಕಾಲು ಊತ, ಏದುಸಿರು, ಜೊತೆಗೆ ಮಂಡಿನೋವಿನ ಮಾತ್ರೆ: ಮೂರೂ ಒಂದೇ ಮನೆಯಲ್ಲಿದ್ದರೆ ದಯವಿಟ್ಟು ಓದಿ

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಅರವತ್ತು ದಾಟಿದ ಹೆಣ್ಣುಮಗಳು. ಬಿಪಿಗೆ ಬಹಳ ವರ್ಷದಿಂದ ಟೆಲ್ಮಿಸಾರ್ಟಾನ್ ನುಂಗುತ್ತಿದ್ದರು. ಮಂಡಿನೋವು ಜಾಸ್ತಿಯಾಗಿ ಮೆಡಿಕಲ್ ಸ್ಟೋರಿನಲ್ಲಿ ಕೇಳಿದಾಗ ಅಸೆಕ್ಲೋಫಿನಾಕ್ ಇರುವ ಮಾತ್ರೆ ಕೊಟ್ಟರು, ಬೆಳಿಗ್ಗೆ ಒಂದು ರಾತ್ರಿ ಒಂದು. ನೋವು ಇಳಿಯಿತು, ಹಾಗಾಗಿ ಮಾತ್ರೆ ನಿಲ್ಲಲಿಲ್ಲ. ಕೆಲವು ವಾರ ಕಳೆಯುವಷ್ಟರಲ್ಲಿ ಕಾಲುಂಗುರ ಬಿಗಿಯಾಯಿತು, ಸಂಜೆ ಚಪ್ಪಲಿ ತೆಗೆದರೆ ಪಟ್ಟಿಯ ಗುರುತು ಹಳ್ಳ ಬಿದ್ದ ಹಾಗೆ ಉಳಿಯುತ್ತಿತ್ತು. ನೀರಿನ ಕ್ಯಾನ್ ಎತ್ತಿಕೊಂಡು ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುತ್ತಿತ್ತು.

ಮನೆಯವರು ಹಾರ್ಟ್ ಅಂತ ಹೆದರಿ ಒಂದು ಕ್ಲಿನಿಕ್ಕಿಗೆ ಕರೆದೊಯ್ದರು. ಇಸಿಜಿ ತೆಗೆದು, "ನಾರ್ಮಲ್ ಇದೆ ಕಣಮ್ಮ, ಗ್ಯಾಸು" ಎಂದು ಕಳಿಸಿದರು. ಹೆದರಿಕೆ ಹೋಯಿತು, ಊತ ಹೋಗಲಿಲ್ಲ. ಮತ್ತೆ ಮೆಡಿಕಲ್ ಸ್ಟೋರ್. ಈ ಸಲ "ನೀರಿಳಿಯೋ ಮಾತ್ರೆ", ಅಂದರೆ ಫ್ಯುರೋಸಮೈಡ್. ಎರಡೇ ದಿನಕ್ಕೆ ಕಾಲು ಇಳಿದಾಗ ಮನೆಯವರೆಲ್ಲ ಗೆದ್ದೆವು ಅಂದುಕೊಂಡರು. ನೋವಿನ ಮಾತ್ರೆ ನಡೆದೇ ಇತ್ತು, ಊತ ಮರಳಿ ಬಂತು, ನೀರಿಳಿಯೋ ಮಾತ್ರೆ ಒಂದು ಹೋಗಿ ಎರಡಾಯಿತು. ಆಮೇಲೆ ಊಟ ಸೇರದು, ವಾಂತಿ, ಮೂತ್ರ ಕಮ್ಮಿ. ಸುಸ್ತು ಅಂತ ನೆಂಟರೆಲ್ಲ ಎಳನೀರು ತಂದುಕೊಟ್ಟರು. ಕೊನೆಗೊಂದು ರಾತ್ರಿ ಮಲಗಲಾಗದೆ ಗೋಡೆಗೊರಗಿ ಕೂತೇ ಬೆಳಗು ಮಾಡಿ, ಕೋಲಾರಕ್ಕೆ ಬಂದಾಗ ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 4 ದಾಟಿತ್ತು, ಪೊಟ್ಯಾಸಿಯಂ 6ರ ಮೇಲಿತ್ತು, ಎರಡೂ ಅಪಾಯದ ಮಟ್ಟ. ಡಯಾಲಿಸಿಸ್ ಆಯಿತು. ಜೀವ ಉಳಿದಿದೆ, ಕಿಡ್ನಿ ಪೂರ್ತಿ ಮೊದಲಿನಂತಾಗಿಲ್ಲ.

ಇದರಲ್ಲಿ ಯಾವುದೂ ಅಪರೂಪದ ಕಾಯಿಲೆಯಲ್ಲ. ಎಲ್ಲ ಮನೆಯಲ್ಲೂ ಇರುವ ಮಾತ್ರೆಗಳೇ ಸೇರಿ ಮಾಡಿದ ಅನಾಹುತ.

ನೋವಿನ ಮಾತ್ರೆಗಳ ಈ ಜಾತಿ (ಡೈಕ್ಲೋಫಿನಾಕ್, ಅಸೆಕ್ಲೋಫಿನಾಕ್, ಐಬುಪ್ರೊಫೆನ್, ನಿಮೆಸುಲೈಡ್, ಪಿರಾಕ್ಸಿಕಾಂ, ಎಟೊರಿಕಾಕ್ಸಿಬ್) ಉಪ್ಪು ಮತ್ತು ನೀರನ್ನು ಮೈಯಲ್ಲೇ ಹಿಡಿದಿಡುತ್ತದೆ. ಬಿಪಿ ಏರಿಸುತ್ತದೆ. ಹೃದಯ ಆಗಲೇ ಸೋತಿದ್ದರೆ ಕೆಲವೇ ದಿನದಲ್ಲಿ ಊತ, ಏದುಸಿರು ಎರಡನ್ನೂ ತರಬಲ್ಲದು. ಕಿಡ್ನಿಯ ಮಟ್ಟಿಗೆ ನಡೆಯುವುದನ್ನು ನಮ್ಮೂರುಗಳ ಶುದ್ಧ ನೀರಿನ ಘಟಕದಿಂದ ಅರ್ಥ ಮಾಡಿಕೊಳ್ಳಬಹುದು. ಒತ್ತಡವಿದ್ದರಷ್ಟೇ ಫಿಲ್ಟರ್ ಕೆಲಸ ಮಾಡುತ್ತದೆ. ನೋವಿನ ಮಾತ್ರೆ ಒಳಗೆ ಬರುವ ಪೈಪನ್ನು ಕಿರಿದು ಮಾಡುತ್ತದೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಾಲಾಪ್ರಿಲ್, ರಾಮಿಪ್ರಿಲ್ ಜಾತಿಯವು ಹೊರಹೋಗುವ ಪೈಪನ್ನು ಅಗಲ ಮಾಡುತ್ತವೆ. ಫ್ಯುರೋಸಮೈಡ್ ಬರುವ ನೀರನ್ನೇ ಕಮ್ಮಿ ಮಾಡುತ್ತದೆ. ಮೂರೂ ಸೇರಿದರೆ ಒತ್ತಡ ಕುಸಿದು ಫಿಲ್ಟರ್ ನಿಲ್ಲುತ್ತದೆ. ಬಿಪಿ ಮಾತ್ರೆಯಾಗಲಿ ಫ್ಯುರೋಸಮೈಡ್ ಆಗಲಿ ಕೆಟ್ಟ ಔಷಧಿಯಲ್ಲ, ಹೃದಯ ಸೋತವರಿಗೆ ಡಾಕ್ಟರೇ ಎರಡನ್ನೂ ಬರೆಯುತ್ತಾರೆ, ರಕ್ತಪರೀಕ್ಷೆ ನೋಡಿಕೊಂಡು. ಅವುಗಳ ಮಧ್ಯೆ ನೋವಿನ ಮಾತ್ರೆ ನುಗ್ಗಿದ್ದು ತಪ್ಪು. ಆದ್ದರಿಂದ ಇದನ್ನು ಓದಿ ಬಿಪಿ ಮಾತ್ರೆ ನಿಲ್ಲಿಸಬೇಡಿ.

ಒಂದು ಮೋಸ ಎಲ್ಲರ ಕಣ್ಣಿಗೂ ಬೀಳುವುದಿಲ್ಲ. ಅಸೆಕ್ಲೋಫಿನಾಕ್ ಮತ್ತು ಪ್ಯಾರಸಿಟಮಾಲ್ ಕೂಡಿಸಿದ ಮಾತ್ರೆಗಳು ಬರುತ್ತವೆ. ಸ್ಟ್ರಿಪ್ಪಿನ ಹಿಂದೆ ಎರಡೂ ಹೆಸರು ಸಣ್ಣಕ್ಷರದಲ್ಲಿರುತ್ತವೆ. ಮನೆಯವರು ಪ್ಯಾರಸಿಟಮಾಲ್ ಅನ್ನುವುದನ್ನಷ್ಟೇ ಓದಿ "ಜ್ವರದ ಮಾತ್ರೆ, ಏನೂ ಆಗಲ್ಲ" ಅನ್ನುತ್ತಾರೆ. ಈ ಅಮ್ಮನಿಗೂ ಆದದ್ದು ಅದೇ. ಬರೀ ಪ್ಯಾರಸಿಟಮಾಲ್ ಹೃದಯ, ಕಿಡ್ನಿ ಎರಡಕ್ಕೂ ಇವಕ್ಕಿಂತ ಎಷ್ಟೋ ವಾಸಿ. ಅದಕ್ಕೂ ಮಿತಿಯಿದೆ, ಲಿವರ್ ತೊಂದರೆಯಿದ್ದರೆ ಕೇಳಿಯೇ ತೆಗೆದುಕೊಳ್ಳಬೇಕು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಕಡೆ ಇದನ್ನು ಒತ್ತಿ ಹೇಳಲು ಕಾರಣವಿದೆ. ಇಲ್ಲಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ಅಂಥ ನೀರು ವರ್ಷಗಟ್ಟಲೆ ಕುಡಿದವರಿಗೆ ಬೆನ್ನು, ಕುತ್ತಿಗೆ, ಕೀಲು ಬಿಗಿದು ನೋಯುತ್ತವೆ. ಜೊತೆಗೆ ಟೊಮೆಟೊ ತೋಟ, ರೇಷ್ಮೆ ಮನೆ, ಹಾಲಿನ ಹಸು, ಬಗ್ಗಿ ಮಾಡುವ ಕೆಲಸ ತಪ್ಪದು. ನೋವಿನ ಮಾತ್ರೆ ಇಲ್ಲಿ ಕಾಫಿಪುಡಿಯಷ್ಟೇ ಸಲೀಸಾಗಿ ಮನೆಗೆ ಬರುತ್ತದೆ, ಯಾರೂ ಅದನ್ನು ಔಷಧಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಡಾಕ್ಟರು "ಏನೇನು ಮಾತ್ರೆ ತಗೋತೀರಾ" ಅಂದರೆ ಬಿಪಿ ಮಾತ್ರೆ, ಶುಗರ್ ಮಾತ್ರೆ ಮಾತ್ರ ಹೇಳುತ್ತಾರೆ.

ಹೆಸರಿಲ್ಲದೆ ಪೊಟ್ಟಣ ಕಟ್ಟಿ ಕೊಡುವ ಬಣ್ಣಬಣ್ಣದ ಮಾತ್ರೆಗಳ ವಿಷಯ ಇನ್ನೂ ಕೆಟ್ಟದ್ದು. ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ಒಂದೇ ದಿನದಲ್ಲಿ ನೋವು ಮಾಯ, ಹಸಿವು ಜೋರು. ಆಮೇಲೆ ಮುಖ ದುಂಡಗಾಗಿ ಊದುತ್ತದೆ, ಶುಗರ್ ಏರುತ್ತದೆ, ನೀರು ತುಂಬುತ್ತದೆ. ವಾರಗಟ್ಟಲೆ ತೆಗೆದುಕೊಂಡಿದ್ದರೆ ಹೆದರಿ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣದ ಸಮೇತ ಆಸ್ಪತ್ರೆಗೆ ಹೋಗಿ, ಅಲ್ಲಿ ನಿಧಾನವಾಗಿ ಇಳಿಸುತ್ತಾರೆ.

ಇನ್ನು ಇಸಿಜಿ. ಅದು ತೆಗೆದ ಆ ಕ್ಷಣದ ಹೃದಯದ ವಿದ್ಯುತ್ ಬರಹ, ಅಷ್ಟೇ. ಪಂಪು ಹೇಗಿದೆ, ವಾಲ್ವ್ ಹೇಗಿದೆ ಅಂತ ಅದು ತೋರಿಸದು. ಅದಕ್ಕೆ ಎಕೋ, ಅಂದರೆ ಹೃದಯದ ಸ್ಕ್ಯಾನ್ ಬೇಕು. ಎಕೋದಲ್ಲಿ ಇಎಫ್ ಅಂತ ಒಂದು ಸಂಖ್ಯೆ ಬರುತ್ತದೆ, ಒಂದು ಸಲ ಹಿಂಡಿದಾಗ ಹೃದಯ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರದೂಡುತ್ತದೆ ಅನ್ನುವ ಲೆಕ್ಕ ಅದು. 40 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಪಂಪು ಸೋತಿದೆ ಎಂದರ್ಥ. 50ರ ಮೇಲಿದ್ದರೂ ಕಥೆ ಮುಗಿಯಲಿಲ್ಲ. ವರ್ಷಗಟ್ಟಲೆ ಬಿಪಿಯಿಂದ ಗೋಡೆ ದಪ್ಪವಾಗಿ ಬಿರುಸಾದ ಹೃದಯ ಚೆನ್ನಾಗಿ ಹಿಂಡುತ್ತದೆ, ಸಡಿಲವಾಗಿ ತುಂಬಿಕೊಳ್ಳಲಾರದು, ನೀರು ಶ್ವಾಸಕೋಶಕ್ಕೆ ಹಿಮ್ಮೆಟ್ಟುತ್ತದೆ. ಈ ಅಮ್ಮನ ಎಕೋದಲ್ಲಿ ಕಂಡದ್ದು ಅದೇ. ಅನುಮಾನ ಬಿಡಿಸಲು ಎನ್‌ಟಿ-ಪ್ರೋಬಿಎನ್‌ಪಿ ಎಂಬ ರಕ್ತಪರೀಕ್ಷೆಯಿದೆ. ಓಡಾಡಿಕೊಂಡಿರುವ ರೋಗಿಯಲ್ಲಿ 125ಕ್ಕಿಂತ ಕಮ್ಮಿ ಬಂದರೆ ಹೃದಯ ಸೋತಿರುವ ಸಾಧ್ಯತೆ ಕಮ್ಮಿ. ತುಂಬ ದಪ್ಪ ಮೈಯವರಲ್ಲಿ ಅದು ಕಮ್ಮಿಯಾಗಿ, ಕಿಡ್ನಿ ಕೆಟ್ಟವರಲ್ಲಿ ಜಾಸ್ತಿಯಾಗಿ ಕಾಣಬಹುದು.

ಎಲ್ಲ ಊತವೂ ಹೃದಯದ್ದಲ್ಲ. ಬೆಳಿಗ್ಗೆ ಕಣ್ಣಿನ ಸುತ್ತ ಊದಿ, ಮೂತ್ರ ನೊರೆನೊರೆಯಾಗಿದ್ದರೆ ಕಿಡ್ನಿಯ ಅನುಮಾನ. ಹೊಟ್ಟೆ ಮೊದಲು ಉಬ್ಬಿದರೆ ಲಿವರ್. ರಕ್ತ ಕಮ್ಮಿಯಿದ್ದರೂ, ಥೈರಾಯ್ಡ್ ಕಮ್ಮಿಯಿದ್ದರೂ ಆಯಾಸ ಊತ ಎರಡೂ ಬರುತ್ತವೆ. ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯಿಂದ ಬರೀ ಪಾದದ ಗಂಟು ಊದಬಹುದು, ಅದಕ್ಕೆ ನೀರಿಳಿಯೋ ಮಾತ್ರೆ ಅಷ್ಟಾಗಿ ನಾಟದು, ಡಾಕ್ಟರು ಡೋಸು ಬದಲಿಸಬೇಕು. ಶುಗರಿಗೆ ಕೊಡುವ ಪಿಯೋಗ್ಲಿಟಜೋನ್ ನೀರು ಹಿಡಿದಿಡುತ್ತದೆ, ಹೃದಯ ಸೋತವರಿಗೆ ಅದು ಬೇಡ. ಅದಕ್ಕೇ ಮೊದಲ ಸಲವೇ ಇಸಿಜಿ, ಎಕ್ಸ್‌ರೇ ಜೊತೆಗೆ ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಮೂತ್ರದಲ್ಲಿ ಆಲ್ಬುಮಿನ್ (ಪ್ರೋಟೀನ್ ಸೋರಿಕೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮಾಡಿಸಿಬಿಡಿ ಎಂದು ಕೇಳಿ. ಎಕೋಗೆ ಜಿಲ್ಲಾಸ್ಪತ್ರೆಗೋ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೋ ಬರೆದುಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬಾಣಂತಿಗೆ ಹೀಗಾದರೆ ಕಾಯಲೇಬೇಡಿ. ಹೆರಿಗೆಯ ಮುಂಚಿನ ಕೊನೇ ತಿಂಗಳಿಂದ ಆಮೇಲಿನ ಐದು ತಿಂಗಳವರೆಗೆ ಹೃದಯ ಸೋಲುವ ಒಂದು ಕಾಯಿಲೆಯಿದೆ, "ಬಾಣಂತನದಲ್ಲಿ ಇದೆಲ್ಲ ಇದ್ದದ್ದೇ" ಅನ್ನುವ ಮಾತಿನಲ್ಲಿ ಅದು ಮುಚ್ಚಿಹೋಗುತ್ತದೆ.

ಮನೆಯಲ್ಲಿ ನೋಡಿಕೊಳ್ಳುವುದು ಹೀಗೆ. ಪಾದದ ಗಂಟಿನಿಂದ ಸ್ವಲ್ಪ ಮೇಲೆ, ಕಾಲಿನ ಮುಂದಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಐದು ಎಣಿಸಿ ಬಿಡಿ, ಗುಳಿ ಉಳಿದರೆ ನೀರು ತುಂಬಿದೆ. ಮೀನಖಂಡದ ಮೇಲೆ ಒತ್ತಿದರೆ ಗೊತ್ತಾಗದು. ಎರಡೂ ಕಾಲು ಹೋಲಿಸಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ತಿಕ್ಕಬೇಡಿ, ಎಣ್ಣೆ ನೀವಬೇಡಿ, ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು ಏನೂ ತಿನ್ನುವ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ತಲೆಗೆ ಎಷ್ಟು ದಿಂಬು ಬೇಕಾಗುತ್ತಿದೆ ಅಂತ ಗಮನಿಸಿ. ಒಂದಿದ್ದದ್ದು ಮೂರಾದರೆ, ಮಲಗಿದ ಗಂಟೆ ಎರಡು ಗಂಟೆಗೆ ಉಸಿರು ಕಟ್ಟಿ ಎದ್ದು ಕೂತರೆ, ಅದನ್ನು ಡಾಕ್ಟರಿಗೆ ಈ ಮಾತಿನಲ್ಲೇ ಹೇಳಿ. "ಆಯಾಸ" ಅಂದರೆ ಅವರಿಗೆ ಅದು ತಿಳಿಯದು.

ಉಪ್ಪು ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಒಂದು ಟೀ ಚಮಚ. ಉಪ್ಪೆಸರು, ಉಪ್ಪಿನಕಾಯಿ, ಹಪ್ಪಳದಲ್ಲಿ ಅದು ಒಂದೇ ಊಟಕ್ಕೆ ಮುಗಿಯಬಹುದು. ಮುದ್ದೆಗೆ ಹಾಕುವ ಉಪ್ಪನ್ನು ಬಿಟ್ಟುಬಿಡಿ, ಗೊತ್ತೂ ಆಗದು. ಸೋಡಿಯಂ ಕಮ್ಮಿ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಸೋತವರಿಗೆ, ಟೆಲ್ಮಿಸಾರ್ಟಾನ್ ಜಾತಿಯ ಮಾತ್ರೆಯಲ್ಲಿರುವವರಿಗೆ ಅದೂ, ದಿನಕ್ಕೆರಡು ಎಳನೀರೂ ಪೊಟ್ಯಾಸಿಯಂ ಏರಿಸಿ ಹೃದಯದ ಬಡಿತವನ್ನೇ ಕೆಡಿಸಬಲ್ಲವು. ಊತಕ್ಕೆ ಒಳ್ಳೆಯದೆಂದು ಚೊಂಬುಗಟ್ಟಲೆ ಬಾರ್ಲಿ ನೀರು ಕುಡಿಸುವುದೂ ಬೇಡ.

ಕೂತಲ್ಲೇ ಏದುಸಿರು, ಎದೆನೋವು, ತಣ್ಣನೆ ಬೆವರು, ತುಟಿ ನೀಲಿ, ಗುಲಾಬಿ ಬಣ್ಣದ ನೊರೆ ಕಫ, ಪ್ರಜ್ಞೆ ತಪ್ಪುವುದು, ಒಂದೇ ಕಾಲಿನ ಊತದ ಜೊತೆ ದಿಢೀರ್ ಉಸಿರುಕಟ್ಟು: ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಪ್ರಜ್ಞೆಯಿದ್ದು ಏದುಸಿರು ಬಿಡುತ್ತಿದ್ದರೆ ಗಾಡಿ ಬರುವವರೆಗೆ ಮಲಗಿಸಬೇಡಿ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ಪ್ರಜ್ಞೆ ತಪ್ಪಿದವರನ್ನು ಮಾತ್ರ ಹೀಗೆ ಕೂರಿಸಬೇಡಿ. ಮನೆಯಲ್ಲಿರುವ ಅಷ್ಟೂ ಸ್ಟ್ರಿಪ್ಪುಗಳನ್ನು, ಖಾಲಿಯಾದವನ್ನೂ, ನೋವಿನ ಮಾತ್ರೆಯನ್ನೂ, ಹೆಸರಿಲ್ಲದ ಪೊಟ್ಟಣವನ್ನೂ ಒಂದು ಕವರಿಗೆ ಹಾಕಿ ಅವರ ಜೊತೆಗೇ ಕಳಿಸಿ.