ಸ್ವಾಲ್ಬಾರ್ಡ್‌ಗೆ ಹೋದರೆ ನಿಧಾನದ ದೋಣಿಯನ್ನೇ ಹತ್ತಿ

ಸ್ವಾಲ್ಬಾರ್ಡ್‌ಗೆ ಹೊರಟಿದ್ದೇವೆ, ಯಾವ ದೋಣಿ ಬುಕ್ ಮಾಡೋಣ ಅಂತ ಓಸ್ಲೋದ ಗೆಳೆಯರು ಆಗಾಗ ಕೇಳುತ್ತಾರೆ. ಸ್ವಾಲ್ಬಾರ್ಡ್ ಅಂದರೆ ಉತ್ತರ ಧ್ರುವದ ಕಡೆ ಇರುವ ನಾರ್ವೆಯ ದ್ವೀಪಗಳು. ಈ ಸಲ ಜುಲೈ ಕೊನೆಯ ವಾರ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಒಂದು ದಿನ ಜೋರಾಗಿ ಓಡುವ ರಬ್ಬರ್ ದೋಣಿ, ಮರುದಿನ ಬ್ಯಾಟರಿ ಮತ್ತು ಡೀಸೆಲ್ ಎರಡರಲ್ಲೂ ನಡೆಯುವ ದೊಡ್ಡ ದೋಣಿ, ಎರಡನ್ನೂ ಹತ್ತಿ ಇಳಿದಿದ್ದೇವೆ. ಎರಡನೆಯದಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಮೊದಲನೆಯದಕ್ಕೆ ಒಂದು. ಕಂಪನಿಗಳ ಹೆಸರು ಬರೆಯುತ್ತಿಲ್ಲ. ಈ ಎರಡೂ ಬಗೆಯ ದೋಣಿ ಅಲ್ಲಿ ಹಲವರ ಹತ್ತಿರ ಇವೆ, ಬುಕ್ ಮಾಡುವ ಮುಂಚೆ ಏನು ಕೇಳಬೇಕು ಅಂತ ನಿಮಗೆ ಗೊತ್ತಾದರೆ ಸಾಕು.

ಲಾಂಗ್‌ಇಯರ್‌ಬ್ಯೆನ್ ಅಲ್ಲಿನ ಮುಖ್ಯ ಊರು, ಇರುವುದು 78 ಡಿಗ್ರಿ ಉತ್ತರದಲ್ಲಿ. ಓಸ್ಲೋದಿಂದ ಸುಮಾರು 2,000 ಕಿ.ಮೀ., ವಿಮಾನದಲ್ಲಿ ಮೂರು ಗಂಟೆ. ಇನ್ನೂ ಮೇಲಕ್ಕೆ ಹೋದರೆ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ ಇದೆ, 2008ರಿಂದ. ತರೀಕೆರೆಯಿಂದ ಬಂದ ಅಪ್ಪ ಎರಡು ಸ್ವೆಟರ್, ಮಂಕಿ ಕ್ಯಾಪ್ ಎಲ್ಲ ಹಾಕಿಕೊಂಡೇ ಇಳಿದರು. ಬೇಕಾಗಿತ್ತು ಬಿಡಿ, ಆ ದಿನ 8 ಡಿಗ್ರಿ. ಆದರೆ ಇದೇ ಊರಲ್ಲಿ 2020ರ ಜುಲೈ 25ರಂದು 21.7 ಡಿಗ್ರಿ ದಾಖಲಾಗಿದೆ. 1979ರಿಂದ ಈಚೆಗೆ ಇಡೀ ಆರ್ಕ್‌ಟಿಕ್ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ಬೇಗ ಬಿಸಿಯಾಗಿದೆ, ಸ್ವಾಲ್ಬಾರ್ಡ್ ಅದಕ್ಕಿಂತಲೂ ಬೇಗ.

ಈಗ ಮೊದಲ ದಿನದ ಕಥೆ. ದಪ್ಪನೆಯ ಸೂಟ್ ತೊಡಿಸಿ, ಕುದುರೆ ಮೇಲೆ ಕೂತಂತೆ ಕಾಲು ಚಾಚಿ ಕೂರಿಸುತ್ತಾರೆ. 30 ನಾಟ್ ವೇಗ, ಅಂದರೆ ಗಂಟೆಗೆ 55 ಕಿ.ಮೀ. ಪ್ರತಿ ಅಲೆಗೂ ದೋಣಿ ಎದ್ದು ಬೀಳುತ್ತದೆ. ಅಪ್ಪನ ಸೊಂಟ ಹಿಡಿದುಕೊಂಡಿದ್ದು ನಮ್ಮ ಪಾಡು, ವಯಸ್ಸಾದವರನ್ನು ಕೂರಿಸಿದ್ದು ನನ್ನ ತಪ್ಪು ಅಂತ ಇಟ್ಟುಕೊಳ್ಳೋಣ. ನನಗೆ ತಡೆಯಲಾಗದೆ ಹೋದದ್ದು ಇನ್ನೊಂದು.

ಅಲ್ಲಿನ ಬಂಡೆಗಳಲ್ಲಿ ಬ್ರೂನಿಕ್ಸ್ ಗಿಲಿಮಾಟ್ ಅಂತ ಒಂದು ಹಕ್ಕಿ ಗೂಡಿಲ್ಲದೆಯೇ ಬರೀ ಕಲ್ಲಿನ ಮೇಲೆ ಮೊಟ್ಟೆ ಇಡುತ್ತದೆ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ನೋಡಲು ಪುಟ್ಟ ಪೆಂಗ್ವಿನ್ ಥರ. ಮರಿಗೆ ಮೂರು ವಾರ ಆಗುವಾಗ, ರೆಕ್ಕೆ ಇನ್ನೂ ಬಲಿಯುವ ಮುಂಚೆಯೇ, ಅದು ಬಂಡೆಯಿಂದ ಸಮುದ್ರಕ್ಕೆ ಹಾರಿಬಿಡುತ್ತದೆ. ಕೆಳಗೆ ಕಾಯುತ್ತಿರುವುದು ಅಪ್ಪ ಹಕ್ಕಿ. ಅಲ್ಲಿಂದ ವಾರಗಟ್ಟಲೆ ಇಬ್ಬರೂ ಈಜಿಕೊಂಡೇ ಹೋಗುತ್ತಾರೆ. ಇದೇ ಹಕ್ಕಿ ಹಾರಿದರೆ ಗಂಟೆಗೆ 75 ಕಿ.ಮೀ., ನಮ್ಮ ದೋಣಿಯನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಮುಳುಗಿದರೆ 100 ಮೀಟರ್ ಆಳ ದಾಟುತ್ತದೆ. ಆದರೆ ಜುಲೈ ಕೊನೆಯಲ್ಲಿ ಅದರ ವೇಗ ಅಂದರೆ ಮರಿಯ ವೇಗ, ಪುಟ್ಟ ಪಾದಗಳು ನೀರು ತಳ್ಳಿದಷ್ಟು. ನಮ್ಮ ದೋಣಿ ಅಂಥ ಎರಡು ಹಕ್ಕಿಗಳ ನಡುವೆಯೇ ನುಗ್ಗಿತು. ಅಪ್ಪ ಹಕ್ಕಿ ಮುಳುಗಿತು. ಮರಿ ನೊರೆಯಲ್ಲಿ ಸಿಕ್ಕಿ ಎರಡು ಸುತ್ತು ತಿರುಗಿ, ಕತ್ತೆತ್ತಿ ಕೂಗುತ್ತಾ ಒಂದೇ ತೇಲುತ್ತಿತ್ತು. ನಾನು ಕೈ ತೋರಿಸಿ ಕೂಗಿದೆ, ಎಂಜಿನ್ ಸದ್ದಿನಲ್ಲಿ ಚಾಲಕರಿಗೆ ಕೇಳಿಸಲಿಲ್ಲ. ಅವು ಮತ್ತೆ ಸೇರಿದವೋ ಇಲ್ಲವೋ ನೋಡಲು ನಾವು ಅಲ್ಲಿ ನಿಲ್ಲಲೇ ಇಲ್ಲ. ಸ್ವಾಲ್ಬಾರ್ಡ್‌ನಲ್ಲಿ ಈ ಹಕ್ಕಿಗಳ ಸಂಖ್ಯೆ ವರ್ಷಗಳಿಂದ ಇಳಿಯುತ್ತಿದೆ. ಕಂಪನಿಗೆ ಬರೆದೆ, ಉತ್ತರ ಬಂದಿಲ್ಲ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ದೊಡ್ಡ ದೋಣಿ. ಒಬ್ಬರಿಗೆ ಎರಡು ಸಾವಿರ ಕ್ರೋನರ್ ಆಸುಪಾಸು, ಕಡಿಮೆ ಅಲ್ಲ. ಒಳಗೆ ಬೆಚ್ಚಗೆ ಕೂರಲು ಜಾಗ, ಸುತ್ತ ಗಾಜು, ಶೌಚಾಲಯ ಇದೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಇದು ಮೊದಲ ಪ್ರಶ್ನೆ ಅಲ್ವಾ? ಮೇಲಿನ ಡೆಕ್‌ಗೆ ಹೋಗುವ ಮೆಟ್ಟಿಲು ಮಾತ್ರ ಕಡಿದು, ಹಿಡಿಕೆ ಒಂದೇ ಕಡೆ.

ಇಸ್‌ಫ್ಯೋರ್ಡ್ ಅನ್ನುವ ಕಡಲಿನ ಒಳಚಾಚು ದಾಟುವವರೆಗೂ ಡೀಸೆಲ್‌ನಲ್ಲೇ ಹೋದರು. ಬೋರೆಬುಕ್ತಾ ಕೊಲ್ಲಿ ಹತ್ತಿರ ಬಂದಾಗ ಎಂಜಿನ್ ನಿಂತಿತು. ನಿಂತಿತು ಅಂದರೆ ದೋಣಿ ನಿಂತಿಲ್ಲ, ಸದ್ದು ಮಾತ್ರ ಹೋಯಿತು. ಕಾಲಡಿ ನಡುಗುತ್ತಿದ್ದ ಹಲಗೆ ಸುಮ್ನಾಯಿತು. ಡೆಕ್ ಮೇಲೆ ಎಲ್ಲರೂ ತಾವಾಗಿಯೇ ದನಿ ತಗ್ಗಿಸಿದರು.

ದಡದಲ್ಲಿ ವಾಲ್ರಸ್‌ಗಳು, ಉದ್ದ ದಂತದ ಭಾರೀ ಕಡಲಪ್ರಾಣಿಗಳು, ಎಣಿಸಿದರೆ ಹದಿನೇಳು. ದೂರದಿಂದ ಸಗಣಿ ಬಣ್ಣದ ಬಂಡೆಗಳು ಅನ್ನಿಸುತ್ತವೆ, ಒಂದು ಎದ್ದು ಪಕ್ಕದ್ದಕ್ಕೆ ದಂತದಿಂದ ತಿವಿದಾಗಲೇ ಗೊತ್ತಾಗುವುದು. ವಾಸನೆ ಮೊದಲೇ ಬಂದಿತ್ತು. ಕೆಮ್ಮಿದ ಹಾಗೆ, ಗೊರಕೆಯ ಹಾಗೆ ಸದ್ದು. ಅಲ್ಲಿ ನಿಯಮ ಬಿಗಿ: ವಾಲ್ರಸ್ ಮಲಗುವ ದಡಕ್ಕೆ 150 ಮೀಟರ್‌ಗಿಂತ ಹತ್ತಿರ ಹೋಗುವಂತಿಲ್ಲ, 300 ಮೀಟರ್ ಒಳಗೆ ವೇಗ 5 ನಾಟ್ ದಾಟುವಂತಿಲ್ಲ. 5 ನಾಟ್ ಅಂದರೆ ಗಂಟೆಗೆ 9 ಕಿ.ಮೀ., ಸೈಕಲ್ ಕಲಿಯುವ ಹುಡುಗನ ವೇಗ. ನಮ್ಮವರು ಅದಕ್ಕಿಂತಲೂ ನಿಧಾನವಾಗಿ, ಗಾಳಿ ಯಾವ ಕಡೆಯಿಂದ ಅಂತ ನೋಡಿಕೊಂಡು ಹೋದರು. ಮುಕ್ಕಾಲು ಗಂಟೆ ಅಲ್ಲೇ ಇದ್ದೆವು, ಒಂದೂ ನೀರಿಗೆ ಇಳಿದು ಓಡಲಿಲ್ಲ. ನಾರ್ವೆ 1952ರಲ್ಲಿ ಬೇಟೆ ನಿಲ್ಲಿಸಿದ ಮೇಲೆ ಇಲ್ಲಿ ಇವು ನಿಧಾನಕ್ಕೆ ಹೆಚ್ಚಿವೆ, ಅದು ಖುಷಿಯ ವಿಷಯ. ಬೇರೆ ಕಡೆ ಹಾಗಿಲ್ಲ. ಅಲಾಸ್ಕಾದ ಪಾಯಿಂಟ್ ಲೇ ಹತ್ತಿರ 2014ರಲ್ಲಿ ಸುಮಾರು 35,000 ವಾಲ್ರಸ್ ಒಂದೇ ದಡಕ್ಕೆ ಬಂದು ಬಿದ್ದಿದ್ದವು, ಸಮುದ್ರದಲ್ಲಿ ಮಲಗಲು ಮಂಜುಗಡ್ಡೆ ಉಳಿದಿರಲಿಲ್ಲ. ಅಷ್ಟು ದೊಡ್ಡ ಗುಂಪು ಯಾವುದೋ ಸದ್ದಿಗೆ ಬೆದರಿ ನೀರಿಗೆ ನುಗ್ಗಿದರೆ ಮರಿಗಳು ಕಾಲ್ತುಳಿತಕ್ಕೆ ಸಿಗುತ್ತವೆ.

ಈ ದೋಣಿಗೆ ನಾನು ಇಷ್ಟು ಅಂಕ ಕೊಡಲು ಮುಖ್ಯ ಕಾರಣ ಒಂದು ಮೈಕ್. ಹಿಮನದಿಯ ಎದುರು ನಿಂತಾಗ ಗೈಡ್ ಹುಡುಗಿ ನೀರೊಳಗೆ ಕೇಬಲ್ ಕಟ್ಟಿದ ಮೈಕ್ ಇಳಿಬಿಟ್ಟು ಎಲ್ಲರಿಗೂ ಸರದಿಯಂತೆ ಹೆಡ್‌ಫೋನ್ ಕೊಟ್ಟಳು. ಅಪ್ಪ ಕಿವಿಗೆ ಹಾಕಿಕೊಂಡು ಒಂದು ನಿಮಿಷ ಮಾತಾಡಲೇ ಇಲ್ಲ. ಆಮೇಲೆ, "ಲೇ, ಒಗ್ಗರಣೆ ಕಣೇ ಇದು" ಅಂದರು. ನಿಜ, ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದೇ. ಹಿಮನದಿಯಿಂದ ಮುರಿದು ಬಿದ್ದ ಗಡ್ಡೆ ಕರಗುವಾಗ, ಯಾವ ಕಾಲದಲ್ಲೋ ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಒಡೆದು ಹೊರಬರುವ ಸದ್ದು ಅದು. ನನ್ನ ಸರದಿ ಬಂತು. ಸಾಸಿವೆ ಸಿಡಿಯುತ್ತಿತ್ತು. ಇದ್ದಕ್ಕಿದ್ದಂತೆ ಹಿಟ್ಟಿನ ಗಿರಣಿ ಶುರುವಾದ ಹಾಗೆ ಗರಗರ ಸದ್ದು ತುಂಬಿಕೊಂಡು ಬೇರೇನೂ ಕೇಳದಾಯಿತು. ಹೆಡ್‌ಫೋನ್ ತೆಗೆದೆ, ಸುತ್ತ ಏನೂ ಇಲ್ಲ, ಮೌನ. ಎರಡು ನಿಮಿಷ ಆದ ಮೇಲೆ ತಿರುವಿನಾಚೆಯಿಂದ ಒಂದು ರಬ್ಬರ್ ದೋಣಿ ಕಾಣಿಸಿತು. ನಾನು ನಿನ್ನೆ ಕೂತಿದ್ದಂಥದ್ದೇ.

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ನೀರಿನಲ್ಲಿ ಸುಮಾರು 1,500 ಮೀಟರ್, ದೂರವೂ ಜಾಸ್ತಿ. ಬೆಲೂಗಾ ತಿಮಿಂಗಿಲಗಳು ಒಂದನ್ನೊಂದು ಕರೆಯುವುದು, ಮೀನು ಹುಡುಕುವುದು ಎಲ್ಲ ಶಬ್ದದಿಂದಲೇ. ಕೆನಡಾದ ಉತ್ತರದಲ್ಲಿ ಮಂಜು ಒಡೆಯುವ ಹಡಗು ಹತ್ತಾರು ಕಿಲೋಮೀಟರ್ ದೂರ ಇರುವಾಗಲೇ ಅವು ಜಾಗ ಖಾಲಿ ಮಾಡಿದ್ದನ್ನು ವಿಜ್ಞಾನಿಗಳು ನೋಡಿದ್ದಾರೆ. ಮಂಜುಗಡ್ಡೆ ಕಡಿಮೆಯಾದಷ್ಟೂ ಹಡಗುಗಳಿಗೆ ದಾರಿ ತೆರೆಯುತ್ತದೆ, ಸದ್ದು ಇಲ್ಲದಿದ್ದ ಕಡೆಗೂ ಸದ್ದು ಬರುತ್ತದೆ.

ಹಿಮಕರಡಿ ಕಾಣಲಿಲ್ಲ. ಬರೀ ಇದಕ್ಕೇ ಒಂದು ಸ್ಟಾರ್ ಕೊಟ್ಟವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. 2025ರ ಜನವರಿಯಿಂದ ಅಲ್ಲಿ ಕರಡಿಯಿಂದ 300 ಮೀಟರ್ ದೂರ ಇರಲೇಬೇಕು, ಮಾರ್ಚ್‌ನಿಂದ ಜೂನ್ ಕೊನೆವರೆಗೆ 500 ಮೀಟರ್. ಒಳ್ಳೆಯ ನಿಯಮ. ಗೈಡ್ ಹೇಳಿದ ಒಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. 2008ರಲ್ಲಿ ಅಲಾಸ್ಕಾದ ಉತ್ತರಕ್ಕಿರುವ ಬ್ಯೂಫೋರ್ಟ್ ಸಮುದ್ರದಲ್ಲಿ, ಜಾಡು ಹಿಡಿಯುವ ಕಾಲರ್ ಹಾಕಿದ್ದ ಒಂದು ಹೆಣ್ಣು ಕರಡಿ ಮಂಜು ಹುಡುಕಿಕೊಂಡು ಒಂಬತ್ತು ದಿನ ನಿಲ್ಲದೆ 687 ಕಿ.ಮೀ. ಈಜಿತು. ಗಂಟೆಗೆ 3 ಕಿ.ಮೀ. ಲೆಕ್ಕ, ನಾವು ತರಕಾರಿಗೆ ನಡೆದುಹೋಗುವುದಕ್ಕಿಂತ ನಿಧಾನ. ನೆಲದ ಮೇಲೆ ಒಂದು ಗಳಿಗೆ 40 ಕಿ.ಮೀ. ವೇಗದಲ್ಲಿ ಓಡಬಲ್ಲ ಪ್ರಾಣಿ ಅದು. ಮತ್ತೆ ಸಿಕ್ಕಾಗ ಮೈತೂಕ ಐದನೇ ಒಂದು ಪಾಲಿಗಿಂತ ಜಾಸ್ತಿ ಇಳಿದಿತ್ತು. ಜೊತೆಗಿದ್ದ ಒಂದು ವರ್ಷದ ಮರಿ ಇರಲಿಲ್ಲ. ಅಪ್ಪ ಇದನ್ನು ಕೇಳಿ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತರು.

ಹಿಮನರಿಯ ಕಥೆಯೂ ಹೇಳಿದಳು. 2018ರಲ್ಲಿ ಸ್ವಾಲ್ಬಾರ್ಡ್‌ನಿಂದ ಹೊರಟ ಒಂದು ಮರಿನರಿ ಸಮುದ್ರದ ಮೇಲಿನ ಮಂಜು, ಗ್ರೀನ್‌ಲ್ಯಾಂಡ್ ಎಲ್ಲ ದಾಟಿ 76 ದಿನಕ್ಕೆ ಕೆನಡಾ ತಲುಪಿತು. ಒಟ್ಟು 3,506 ಕಿ.ಮೀ., ಒಂದು ದಿನವಂತೂ 155 ಕಿ.ಮೀ. ಕಾಲರ್‌ನಲ್ಲಿದ್ದ ಟ್ರ್ಯಾಕರ್ ಇಲ್ಲದಿದ್ದರೆ ಇದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಆದರೆ ಮಂಜೇ ಸೇತುವೆ. ಅದು ಹೋದರೆ ಸ್ವಾಲ್ಬಾರ್ಡ್‌ನ ನರಿ ಸ್ವಾಲ್ಬಾರ್ಡ್‌ನಲ್ಲೇ.

ಅರ್ಧ ಅಂಕ ಯಾಕೆ ಕಳೆದೆ ಅಂದರೆ, ಜಾಹೀರಾತಿನಲ್ಲಿ "ಎಲೆಕ್ಟ್ರಿಕ್" ಅಂತ ದೊಡ್ಡದಾಗಿ ಇದ್ದರೂ ಅರ್ಧಕ್ಕಿಂತ ಜಾಸ್ತಿ ದಾರಿ ಡೀಸೆಲ್. ಊರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ 2023ರಲ್ಲಿ ಮುಚ್ಚಿ ಡೀಸೆಲ್‌ಗೆ ಬದಲಾಗಿದೆ, ಹಾಗಾಗಿ ಚಾರ್ಜ್ ಮಾಡುವ ಕರೆಂಟೂ ಅದರಿಂದಲೇ. ಸರಿಯಾಗಿ ಬರೆಯಬಹುದಿತ್ತು. ನಾವು ವಿಮಾನದಲ್ಲಿ ಬಂದವರು ಅನ್ನುವುದೂ ನನಗೆ ನೆನಪಿದೆ. ಒಂದು ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸೆಪ್ಟೆಂಬರ್‌ನ ಸಮುದ್ರ ಮಂಜು ಸುಮಾರು 3 ಚದರ ಮೀಟರ್ ಕರಗುತ್ತದೆ ಅಂತ 2016ರ ಒಂದು ಅಧ್ಯಯನ ಲೆಕ್ಕ ಹಾಕಿದೆ, ಹೆಚ್ಚುಕಡಿಮೆ ಒಂದು ಡಬಲ್ ಮಂಚದಷ್ಟು. ಇನ್ನು ಅಪ್ಪನಿಗೆ ಊರು ತೋರಿಸುವುದು ರೈಲಿನಲ್ಲೇ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.

ಊಟ ಸಾಧಾರಣ. ಮೀನಿನ ಸೂಪ್ ಚೆನ್ನಾಗಿತ್ತಂತೆ, ನಮಗೆ ಕೊಟ್ಟ ತರಕಾರಿ ಸೂಪ್‌ಗೆ ಉಪ್ಪೂ ಇಲ್ಲ ಖಾರವೂ ಇಲ್ಲ. ಚಟ್ನಿಪುಡಿ ಒಯ್ಯಿರಿ.

ವಾಪಸ್ ಬಂದ ಮೇಲೆ ಸಮಯವಿದ್ದರೆ ಊರಾಚೆ ನಾಯಿ ಸಾಕುವ ಅಂಗಳಗಳಿರುವ ರಸ್ತೆಯಲ್ಲಿ ನಡೆಯಿರಿ, ದುಡ್ಡು ಬೇಡ. ಆರ್ಕ್‌ಟಿಕ್ ಟರ್ನ್‌ಗಳು ಅನ್ನುವ ಕಡಲಹಕ್ಕಿಗಳು ನೆಲದಲ್ಲೇ ಮರಿ ಮಾಡಿರುತ್ತವೆ, ಹತ್ತಿರ ಹೋದರೆ ತಲೆಗೆ ಕುಕ್ಕುತ್ತವೆ, ಒಂದು ಕೋಲು ಮೇಲೆತ್ತಿ ಹಿಡಿದು ದೂರ ಸರಿಯಬೇಕು. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಟರ್ನ್ ನೋಡಿ ಬೆಳೆದ ಅಪ್ಪ ದೂರದಿಂದಲೇ ಗುರುತು ಹಿಡಿದರು, ಬಾಲದ ಕವಲು ನೋಡಿ. ಈ ಆರ್ಕ್‌ಟಿಕ್ ಟರ್ನ್‌ಗಳು ಪ್ರತಿ ವರ್ಷ ಅಂಟಾರ್ಕ್‌ಟಿಕಕ್ಕೆ ಹೋಗಿ ಬರುತ್ತವೆ. ಗ್ರೀನ್‌ಲ್ಯಾಂಡ್‌ನ ಹಕ್ಕಿಗಳಿಗೆ ಪುಟ್ಟ ಯಂತ್ರ ಕಟ್ಟಿ ನೋಡಿದಾಗ ವರ್ಷಕ್ಕೆ ಸರಾಸರಿ 70,000 ಕಿ.ಮೀ. ದಾಟಿತ್ತು. ತೂಕ ಬರೀ ನೂರು ಗ್ರಾಂ.

ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ: ಪ್ರಾಣಿಗಳ ಹತ್ತಿರ ಬಂದಾಗ ಎಂಜಿನ್ ಆರಿಸುತ್ತೀರಾ, ನೀರೊಳಗಿನ ಮೈಕ್ ಇದೆಯಾ, ಒಂದು ಜಾಗದಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ. ಬೈನಾಕ್ಯುಲರ್ ನಿಮ್ಮದೇ ಇರಲಿ. ದೋಣಿಯಲ್ಲಿ ಇದ್ದದ್ದು ನಾಲ್ಕು, ಅದರಲ್ಲಿ ಒಂದನ್ನು ಅಪ್ಪ ದಡ ಸೇರುವವರೆಗೂ ಬಿಟ್ಟುಕೊಡಲಿಲ್ಲ.