ಚಿತ್ರಸಂತೆ, ದೆಹಲಿ ಮೇಳ, ಕೊಚ್ಚಿ ಬಿನಾಲೆ: ಯಾರೂ ಮಾಡದ ಕಲೆ ಎಲ್ಲಿ ಜಾಸ್ತಿ ಕಾಣುತ್ತದೆ?

ಕಲಾಮೇಳಕ್ಕೆ ನಾವು ಹೋಗುವುದು ಗೋಡೆ ಮೇಲಿರುವುದನ್ನು ನೋಡಲು. ಆದರೆ ಒಂದೆರಡು ಗಂಟೆ ಒಳ್ಳೆಯ ಕೃತಿಗಳ ನಡುವೆ ಓಡಾಡಿದ ಮೇಲೆ ಕಣ್ಣು ಬೇರೆ ತರ ಕೆಲಸ ಮಾಡಲು ಶುರುಮಾಡುತ್ತದೆ. ಮೂಲೆಗೆ ಒರಗಿಸಿದ ಏಣಿಯ ನೆರಳು, ಸುತ್ತಿಟ್ಟ ಕೇಬಲ್, ಬೆಂಕಿ ಆರಿಸುವ ಕೆಂಪು ಸಿಲಿಂಡರ್, ಹೀಗೆ ಯಾರೂ ಕಲೆ ಎಂದು ಮಾಡದ ವಸ್ತುಗಳ ಮುಂದೆಯೂ ಕಾಲು ನಿಲ್ಲುತ್ತದೆ. ನನಗೆ ಇದು ಮೇಳದ ಅರ್ಧ ಸುಖ. ಅದಕ್ಕೇ ಈ ಹೋಲಿಕೆಯಲ್ಲಿ ಎರಡು ಪ್ರಶ್ನೆ ಇಟ್ಟುಕೊಂಡಿದ್ದೇನೆ: ಅಲ್ಲಿ ಇಟ್ಟಿರುವ ಕಲೆ ಹೇಗಿದೆ? ಇಡದೇ ಇರುವ ಕಲೆ ಎಷ್ಟು ಸಿಗುತ್ತದೆ?

ಮೂರು ಜಾಗಗಳು: ಬೆಂಗಳೂರಿನ ಚಿತ್ರಸಂತೆ, ದೆಹಲಿಯ ಇಂಡಿಯಾ ಆರ್ಟ್ ಫೇರ್, ಕೇರಳದ ಕೊಚ್ಚಿ-ಮುಝಿರಿಸ್ ಬಿನಾಲೆ (ಕೆಲವು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ). ಬಿನಾಲೆಯಲ್ಲಿ ಮಾರಾಟವಿಲ್ಲ, ಅದು ಮೇಳವಲ್ಲ ಎಂದು ನೀವು ಹೇಳಬಹುದು. ಸರಿ. ಆದರೆ ಸಂತೆ ಸಾಮಾನ್ಯವಾಗಿ ಜನವರಿಯಲ್ಲಿ, ದೆಹಲಿ ಮೇಳ ಫೆಬ್ರವರಿ ಹೊತ್ತಿಗೆ, ಬಿನಾಲೆ ನಡೆಯುವ ವರ್ಷ ಡಿಸೆಂಬರ್‌ನಲ್ಲಿ ಶುರು. ಕೈಯಲ್ಲಿರುವ ರಜೆ, ದುಡ್ಡು ಎರಡೂ ಕಮ್ಮಿಯಿದ್ದಾಗ ಇವುಗಳಲ್ಲಿ ಒಂದನ್ನು ಆರಿಸಲೇಬೇಕು.

ಮೊದಲು ನಮ್ಮೂರಿನದು. ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ವಾಹನ ಇರುವುದಿಲ್ಲ. ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆಯ ಎರಡೂ ಕಡೆ ಕೂರುತ್ತಾರೆ. ಟಿಕೆಟ್ ಇಲ್ಲ. ಕೆಲವು ನೂರು ರೂಪಾಯಿಯ ಚಿತ್ರದಿಂದ ಲಕ್ಷ ದಾಟಿದ್ದರವರೆಗೂ ಸಿಗುತ್ತದೆ. ಬರೆದವರೇ ಪಕ್ಕದಲ್ಲಿ ಕೂತಿರುತ್ತಾರೆ. ದೆಹಲಿಯಲ್ಲಾಗಲಿ ಕೊಚ್ಚಿಯಲ್ಲಾಗಲಿ ಇಷ್ಟು ಸುಲಭವಾಗಿ ಕಲಾವಿದರ ಜೊತೆ ಮಾತಾಡಲು ಆಗುವುದಿಲ್ಲ.

ಕಷ್ಟ ಇರುವುದು ನೋಡುವುದರಲ್ಲಿ. ಹತ್ತು ಗಂಟೆ ದಾಟಿದರೆ ಚಿತ್ರದಿಂದ ಎರಡು ಹೆಜ್ಜೆ ಹಿಂದೆ ಸರಿಯಲು ಜಾಗವಿಲ್ಲ. ಬುದ್ಧನ ಮುಖ, ಓಡುವ ಏಳು ಕುದುರೆ, ರಾಧಾಕೃಷ್ಣ, ಮತ್ತೆ ಬುದ್ಧ. ಮನೆ ಗೋಡೆಗೆ ಜನ ಕೇಳುವುದು ಅದನ್ನೇ, ಕಲಾವಿದರೂ ಬದುಕಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಒಂದೇ ತರದ್ದು ಮತ್ತೆ ಮತ್ತೆ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತದೆ. ಆಗ ಯಾರೂ ಮಾಡದ ಆ ಆಕಸ್ಮಿಕ ಕಲೆಯೂ ಕಾಣುವುದಿಲ್ಲ. ಇದು ನಾನು ಮೂರೂ ಕಡೆ ಗಮನಿಸಿದ ವಿಷಯ: ಮಾಡಿದ ಕಲೆ ಚೆನ್ನಾಗಿದ್ದರೆ ಮಾತ್ರ ಮಾಡದ ಕಲೆ ಕಣ್ಣಿಗೆ ಬೀಳುತ್ತದೆ.

ಹಾಗಾಗಿ ಸಂತೆಗೆ ಹೋಗುವುದಾದರೆ ಬೆಳಿಗ್ಗೆ ಬೇಗ, ಇನ್ನೂ ಚಿತ್ರಗಳನ್ನು ಬಿಚ್ಚುತ್ತಿರುವಾಗ ಹೋಗಿ. ಕಾಂಪೌಂಡ್‌ಗೆ ಕಟ್ಟಿದ ಹಗ್ಗದಲ್ಲಿ ಕ್ಲಿಪ್‌ಗಳು ಮಾತ್ರ ನೇತಾಡುತ್ತಿರುತ್ತವೆ. ಖಾಲಿ ಕ್ಯಾನ್ವಾಸ್ ಮೇಲೆ ಮರದ ನೆರಳು ಬೀಳುತ್ತದೆ. ಸಾಧ್ಯವಾದ ಕಡೆ ಸಾಲಿನ ಹಿಂಬದಿಯಿಂದ ನಡೆಯಿರಿ. ಕ್ಯಾನ್ವಾಸ್‌ಗಳ ಬೆನ್ನು ಕಾಣುತ್ತದೆ: ಪೆನ್ಸಿಲ್‌ನಲ್ಲಿ ಬರೆದ ಅಳತೆ, ಹೊಡೆದುಹಾಕಿ ಮತ್ತೆ ಬರೆದ ಬೆಲೆ, ತುಕ್ಕು ಹಿಡಿದ ಮೊಳೆ, ಬಟ್ಟೆಯಿಂದ ಈಚೆ ಇಣುಕಿದ ನೀಲಿ. ಮುಂಬದಿಯ ಚಿತ್ರಕ್ಕಿಂತ ಹಿಂಬದಿಯೇ ನನ್ನನ್ನು ಜಾಸ್ತಿ ಹೊತ್ತು ಹಿಡಿದ ಸಂದರ್ಭಗಳಿವೆ.

ಒಮ್ಮೆ ಬಾಗಲಕೋಟೆ ಕಡೆಯ ಒಬ್ಬ ಹುಡುಗ ಚಿತ್ರಗಳನ್ನು ಹಳೆ ಇಳಕಲ್ ಸೀರೆಯಲ್ಲಿ ಸುತ್ತಿ ತಂದಿದ್ದ. ಬಿಚ್ಚಿದ ಸೀರೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಿದ್ದಿತ್ತು. ಬಿಳಿ ಕುರ್ಚಿ, ಕಡು ಹಸಿರು ಮೈ, ಕೆಂಪು ಸೆರಗು, ಮೇಲೆ ಎಳೆ ಬಿಸಿಲು. ನಾನು ಅದನ್ನೇ ನೋಡುತ್ತಾ ನಿಂತೆ. "ಅದು ನಮ್ಮವ್ವನ ಸೀರಿ ರೀ ಸರ್. ಚಿತ್ರ ಈ ಕಡೆ ಅದಾವ ನೋಡ್ರಿ" ಅಂದ. ಚಿತ್ರಗಳನ್ನೂ ನೋಡಿದೆ. ಹೊಲದ ಬದುಗಳನ್ನು ಮೇಲಿನಿಂದ ನೋಡಿದ ಹಾಗೆ ಬರೆದಿದ್ದ. ಆ ಹಸಿರು, ಆ ಕೆಂಪು ಅವುಗಳೊಳಗೂ ಇತ್ತು. ಒಂದು ಚಿಕ್ಕದನ್ನು ಕೊಂಡುಕೊಂಡೆ.

ದೆಹಲಿ ಇದಕ್ಕೆ ಪೂರ್ತಿ ಉಲ್ಟಾ. 2008ರಲ್ಲಿ ಇಂಡಿಯಾ ಆರ್ಟ್ ಸಮಿಟ್ ಎಂಬ ಹೆಸರಲ್ಲಿ ಪ್ರಗತಿ ಮೈದಾನದಲ್ಲಿ ಶುರುವಾದ ಮೇಳ, ಆಮೇಲೆ ಓಖ್ಲಾದ ಎನ್‌ಎಸ್‌ಐಸಿ ಮೈದಾನಕ್ಕೆ ಬಂತು. ದೊಡ್ಡ ದೊಡ್ಡ ಟೆಂಟ್, ಒಳಗೆ ಬಿಳಿ ಗೋಡೆ, ಅಳೆದು ಹಾಕಿದ ಬೆಳಕು. ಇಲ್ಲಿ ಮಾತಾಡುವವರು ಗ್ಯಾಲರಿಯವರು. ಜಾಗಕ್ಕೆ ದುಡ್ಡು ಕೊಟ್ಟಿರುತ್ತಾರೆ, ಹಾಗಾಗಿ ಒಂದು ವಸ್ತುವೂ ಸುಮ್ನೆ ಬಿದ್ದಿರುವುದಿಲ್ಲ. ಮೊದಲು ಆಹ್ವಾನಿತರು, ಆಮೇಲೆ ಟಿಕೆಟ್ ತೆಗೆದುಕೊಂಡವರು.

ಇಟ್ಟಿರುವ ಕಲೆಯ ಮಟ್ಟ ನೋಡಿದರೆ ಸಂತೆಗೂ ಇದಕ್ಕೂ ಹೋಲಿಕೆಯೇ ಇಲ್ಲ. ಒಂದೇ ಮಧ್ಯಾಹ್ನದಲ್ಲಿ ಹುಸೇನ್, ರಜಾ, ಸೋಜಾ ಅವರಂಥ ಹೆಸರಾಂತ ಚಿತ್ರಕಾರರ ಕೃತಿಗಳನ್ನು ಮೂಗಿನಷ್ಟು ಹತ್ತಿರದಿಂದ ನೋಡಬಹುದು. ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರ ರೇಖೆ ಆ ಸಾಲಿನಲ್ಲಿ ಕಂಡಾಗ ಎದೆ ತುಂಬಿ ಬರುತ್ತದೆ. ಪಕ್ಕದಲ್ಲೇ ಮೂವತ್ತೂ ದಾಟದ ಕಲಾವಿದರ ಕೆಲಸ. ಭಾರತದ ಕಲಾಲೋಕ ಈಗ ಏನು ಮಾಡುತ್ತಿದೆ, ಏನು ಮಾರುತ್ತಿದೆ ಎಂದು ತಿಳಿಯಬೇಕಾದರೆ ದೆಹಲಿಗೇ ಹೋಗಬೇಕು.

ಆಕಸ್ಮಿಕ ಕಲೆ ಮಾತ್ರ ಅಲ್ಲಿ ಅಡಗಿಕೊಂಡಿರುತ್ತದೆ. ಗ್ಯಾಲರಿಗಳ ಹಿಂದಿನ ಪುಟ್ಟ ಸ್ಟೋರ್ ಬಾಗಿಲು ಅರ್ಧ ತೆರೆದಾಗ, ಬಬಲ್ ಪ್ಲಾಸ್ಟಿಕ್‌ನಲ್ಲಿ ಸುತ್ತಿ ನಿಲ್ಲಿಸಿದ ಚಿತ್ರಗಳು ಮಂಜಿನಾಚೆ ಇದ್ದಂತೆ ಕಾಣುತ್ತವೆ. ಅಷ್ಟೇ. ಬಾಗಿಲು ತಕ್ಷಣ ಮುಚ್ಚುತ್ತದೆ.

ಇಲ್ಲೊಂದು ಮಾತು ಹೇಳಬೇಕು. 2019ರಲ್ಲಿ ಮಯಾಮಿ ಬೀಚ್‌ನ ಆರ್ಟ್ ಬಾಸೆಲ್ ಮೇಳದಲ್ಲಿ ಮೌರಿಜಿಯೊ ಕ್ಯಾಟಲಾನ್ ಗೋಡೆಗೆ ಟೇಪ್ ಹಾಕಿ ಅಂಟಿಸಿದ ಬಾಳೆಹಣ್ಣು 1,20,000 ಡಾಲರ್ ಬೆಲೆಗೆ ಹೋಯಿತು. 2024ರ ಹರಾಜಿನಲ್ಲಿ ಅದರ ಒಂದು ಪ್ರತಿಗೆ 62 ಲಕ್ಷ ಡಾಲರ್ ಬಂತು. ಅಂದಿನಿಂದ ಮೇಳದಲ್ಲಿ ಟೇಪ್ ಕಂಡರೆ ಸಾಕು, ಯಾರಾದರೊಬ್ಬರು "ಇದೂ ಕಲೆನಾ?" ಎಂದು ನಗುತ್ತಾರೆ. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಹುಡುಗರು ನೆಲದ ಮೇಲೆ ಕನ್ನಡಕ ಇಟ್ಟು, ಜನ ಅದನ್ನು ಕೃತಿ ಎಂದು ಫೋಟೊ ತೆಗೆಯುವುದನ್ನು ನೋಡಿದರು. ನಾನು ಹೇಳುತ್ತಿರುವುದು ಇವೆರಡೂ ಅಲ್ಲ. ಬಾಳೆಹಣ್ಣನ್ನು ಕಲಾವಿದ ಬೇಕೆಂದೇ ಅಂಟಿಸಿದ, ಕನ್ನಡಕವನ್ನು ಬೇಕೆಂದೇ ಇಟ್ಟರು. ನನಗೆ ಹತ್ತಿರವಾದದ್ದು ಜಪಾನಿನ ಕಲಾವಿದ ಗೆನ್‌ಪೇ ಅಕಾಸೆಗಾವಾ ಮಾಡಿದ ಕೆಲಸ. 1972ರಲ್ಲಿ ಟೋಕಿಯೊದಲ್ಲಿ ಅವರು ಒಂದು ಮೆಟ್ಟಿಲು ಕಂಡರು. ಹತ್ತಿದರೆ ಮೇಲೆ ಬಾಗಿಲೇ ಇಲ್ಲ, ಮತ್ತೆ ಇಳಿಯಬೇಕು. ಆದರೂ ಯಾರೋ ಅದರ ಪಕ್ಕದ ಹಿಡಿಗಂಬಿಯನ್ನು ರಿಪೇರಿ ಮಾಡಿಟ್ಟಿದ್ದರು. ಆಮೇಲೆ ಅಂಥ ವಸ್ತುಗಳನ್ನು ಹುಡುಕಿ ಫೋಟೊ ತೆಗೆಯುವುದನ್ನೇ ಅವರು ಗಂಭೀರವಾಗಿ ಮಾಡಿದರು. ಅವನ್ನು ಮಾಡಿದವರಿಗೆ ಕಲೆಯ ಯೋಚನೆಯೇ ಇರಲಿಲ್ಲ. ಅದನ್ನು ಕಾಣುವುದು ಪೂರ್ತಿ ನೋಡುವವರ ಕೆಲಸ.

ಈ ಅಳತೆಯಲ್ಲಿ ಕೊಚ್ಚಿಯನ್ನು ಸೋಲಿಸುವ ಜಾಗ ನಾನು ಕಂಡಿಲ್ಲ. 2012ರ ಡಿಸೆಂಬರ್ 12ರಂದು ಶುರುವಾದ ಬಿನಾಲೆಗೆ ಬಹಳ ವರ್ಷ ಮುಖ್ಯ ನೆಲೆಯಾಗಿದ್ದದ್ದು ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್, ನೀರಿನ ಅಂಚಿನಲ್ಲಿರುವ ಹಳೆಯ ವ್ಯಾಪಾರಿ ಕಂಪನಿಯ ಗೋದಾಮುಗಳು. ಗಾರೆ ಉದುರಿದೆ, ಸುಣ್ಣದ ಕೆಳಗೆ ಇನ್ನೊಂದು ಕಾಲದ ಬಣ್ಣ, ಅದರ ಕೆಳಗೆ ಮತ್ತೊಂದು. ಕಿಟಕಿಯಾಚೆ ಹಡಗು ಹೋಗುತ್ತದೆ. ದೆಹಲಿಯ ಬಿಳಿ ಗೋಡೆ ತಾನು ಇಲ್ಲವೇನೋ ಎಂಬಂತೆ ಇರುತ್ತದೆ. ಇಲ್ಲಿ ಗೋಡೆಗೂ ತನ್ನದೇ ಮಾತಿದೆ. ಕೃತಿ ಎಲ್ಲಿ ಮುಗಿಯಿತು, ಕಟ್ಟಡ ಎಲ್ಲಿ ಶುರುವಾಯಿತು ಎಂದು ಎಷ್ಟೋ ಕಡೆ ಗೊತ್ತಾಗುವುದಿಲ್ಲ.

ಮೊದಲ ಬಿನಾಲೆಯಲ್ಲೇ ಬೆಂಗಳೂರಿನ ಕಲಾವಿದರಾದ ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್ ಇದನ್ನು ಬಹಳ ಚೆನ್ನಾಗಿ ಹಿಡಿದಿದ್ದರು. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಬೆಂಗಳೂರಿನ ಮನೆಗಳಿಂದ ರಸ್ತೆ ಪಕ್ಕಕ್ಕೆ ಬಂದು ಕೂತ ಒರಳುಕಲ್ಲುಗಳನ್ನು, ನೂರಕ್ಕೂ ಹೆಚ್ಚು, ಕೊಚ್ಚಿಗೆ ಸಾಗಿಸಿ ಆಸ್ಪಿನ್‌ವಾಲ್‌ನಲ್ಲಿಟ್ಟರು. ನಮ್ಮ ಬೀದಿಯಲ್ಲಿ ನಾವು ದಿನಾ ದಾಟಿಕೊಂಡು ಹೋಗುತ್ತಿದ್ದ ಕಲ್ಲುಗಳವು, ಅಲ್ವಾ? ಅವರು ಮೊದಲು ಕಂಡದ್ದು ಆಕಸ್ಮಿಕ ಕಲೆಯನ್ನೇ ಎಂದು ನನ್ನ ನಂಬಿಕೆ. ಆ ಮೇಲೆ ನಮ್ಮ ಬಡಾವಣೆಯ ಕರೆಂಟ್ ಕಂಬದ ಬುಡದಲ್ಲಿದ್ದ ಒರಳನ್ನು, ಅದರ ಕುಳಿಯಲ್ಲಿ ನಿಂತ ಮಳೆ ನೀರನ್ನು, ನಾನು ನಿಂತು ನೋಡತೊಡಗಿದೆ.

2016ರ ಬಿನಾಲೆಯ ಕ್ಯುರೇಟರ್, ಅಂದರೆ ಕೃತಿಗಳನ್ನು ಆರಿಸಿ ಜೋಡಿಸಿದವರು, ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ. ಆ ಸಲ ಚಿಲಿಯ ಕವಿ ರೌಲ್ ಜುರಿಟಾ ಒಂದು ಉದ್ದನೆಯ ಗೋದಾಮಿನಲ್ಲಿ ಸಮುದ್ರದ ನೀರು ತುಂಬಿಸಿದ್ದರು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ನೀರಿನಲ್ಲಿ ನಡೆದು ಗೋಡೆಯ ಕವಿತೆಯ ಸಾಲುಗಳನ್ನು ಓದಬೇಕು. ಸಿರಿಯಾದಿಂದ ಓಡಿಬಂದು ಸಮುದ್ರದಲ್ಲಿ ಮುಳುಗಿದ ಪುಟ್ಟ ಅಲನ್ ಕುರ್ದಿಯ ಫೋಟೊವನ್ನು ಜಗತ್ತೇ ನೋಡಿತ್ತು. ಅವನ ಜೊತೆ ಮುಳುಗಿದ ಅಣ್ಣ ಗಾಲಿಪ್‌ನ ಅಂಥ ಫೋಟೊ ಇಲ್ಲ. ಆ ಕೃತಿ ಗಾಲಿಪ್‌ಗಾಗಿ. ನೀರು ಮೀನಖಂಡ ದಾಟುತ್ತಿದ್ದಂತೆ ಮಾತಾಡುತ್ತಾ ಬಂದವರೂ ಸುಮ್ಮನಾಗುತ್ತಿದ್ದರು.

ಹೊರಗೆ ಬಂದಾಗ ನಾನು ಕಂಡದ್ದನ್ನು ಕೃತಿಯಷ್ಟೇ ಗಟ್ಟಿಯಾಗಿ ನೆನಪಿಟ್ಟಿದ್ದೇನೆ. ಬಾಗಿಲಲ್ಲಿ ಎಲ್ಲರ ಚಪ್ಪಲಿಗಳ ರಾಶಿ. ಅಲ್ಲಿಂದ ಅಂಗಳದ ಕಡೆ ಒದ್ದೆ ಹೆಜ್ಜೆಗಳು, ದೊಡ್ಡವು, ಸಣ್ಣವು, ನಡುವೆ ಒಂದು ಮಗುವಿನದು. ಬಿಸಿಲಿಗೆ ಮೊದಲು ಒಣಗಿ ಹೋಗುತ್ತಿದ್ದದ್ದು ಆ ಚಿಕ್ಕ ಹೆಜ್ಜೆಗಳೇ. ಯಾರೂ ಅದನ್ನು ಯೋಜಿಸಿರಲಿಲ್ಲ. ಒಳಗಿನ ಕೃತಿ ಇಲ್ಲದಿದ್ದರೆ ಅದು ಬರೀ ಒದ್ದೆ ನೆಲ.

ಕೊಚ್ಚಿಯಲ್ಲಿ ಕಷ್ಟವೂ ಇದೆ. ಸೆಕೆ ಹಿಂಡಿಹಾಕುತ್ತದೆ. ಜಾಗಗಳು ಒಂದೊಂದು ಕಡೆ ಇರುವುದರಿಂದ ನಡಿಗೆ ಜಾಸ್ತಿ, ಒಂದು ದಿನದಲ್ಲಿ ಮುಗಿಸುತ್ತೇನೆ ಎಂದರೆ ಏನೂ ದಕ್ಕುವುದಿಲ್ಲ. ವಿಡಿಯೊ ಕೃತಿಗಳಿಗೆ ತಾಳ್ಮೆ ಬೇಕು. ಆದರೂ ಬೆಂಗಳೂರಿನಿಂದ ರಾತ್ರಿ ಬಸ್ಸು, ರೈಲು ಎರಡೂ ಇವೆ. ದೆಹಲಿಯ ವಿಮಾನ, ಹೋಟೆಲ್, ಟಿಕೆಟ್ ಲೆಕ್ಕ ಹಾಕಿದರೆ ಇದು ಎಷ್ಟೋ ಹಗುರ.

ನನ್ನ ಆಯ್ಕೆ ಕೊಚ್ಚಿ. ಮನೆಯಲ್ಲಿ ಮಕ್ಕಳಿದ್ದರೆ, ಅಥವಾ ಮೊದಲ ಸಲ ಒಂದು ಚಿತ್ರ ಕೊಳ್ಳುವ ಆಸೆಯಿದ್ದರೆ ಚಿತ್ರಸಂತೆ. ದೆಹಲಿಗೇ ಹೋಗುತ್ತೇನೆ ಎನ್ನುವವರು ಕೊನೆಯ ದಿನದ ಟಿಕೆಟ್ ತೆಗೆದುಕೊಳ್ಳಿ, ಸಂಜೆವರೆಗೂ ಇರಿ. ಆಗ ಟೆಂಟ್ ತನ್ನ ಬಿಗಿ ಬಿಡುತ್ತದೆ. ಬಾಣದ ಗುರುತು, ಒಡೆಯುವ ಲೋಟದ ಗುರುತು ಇರುವ ಮರದ ಪೆಟ್ಟಿಗೆಗಳು ಒಳಗೆ ಬರುತ್ತವೆ. ಚಿತ್ರ ಇಳಿಸಿದ ಗೋಡೆಯಲ್ಲಿ ಮೊಳೆ, ತೂತು, ಮಾರಾಟವಾಗಿದೆ ಎಂದು ಅಂಟಿಸಿದ ಕೆಂಪು ಚುಕ್ಕೆ ಮಾತ್ರ ಉಳಿದಿರುತ್ತವೆ, ಅವುಗಳ ಮೇಲೆ ಇನ್ನೂ ಅದೇ ದುಬಾರಿ ಬೆಳಕು. ನಿಂತು ನೋಡಿ. ಪ್ಯಾಕ್ ಮಾಡುವವರ ದಾರಿಗೆ ಮಾತ್ರ ಅಡ್ಡ ಬರಬೇಡಿ, ಅವರಿಗೆ ಅವರ ಕೆಲಸ ಮುಗಿಸಬೇಕಿರುತ್ತದೆ.